ಪಾಸ್ ಎನ್ನದ ಇನ್ಸ್‌ಪೆಕ್ಟರ್

ಹ್ಯಾಲಿಫ್ಯಾಕ್ಸಿನಲ್ಲಿ ಹೊಸ ಮನೆಗಳನ್ನು ಪರೀಕ್ಷಿಸುವ ಇನ್ಸ್‌ಪೆಕ್ಟರ್ ವಿಲ್ಫ್ ಆಗ್ಡನ್‌ಗೆ ಯಾವ ಗೋಡೆಯ ಮೇಲೂ ನಂಬಿಕೆಯಿಲ್ಲ. ಇಟ್ಟಿಗೆಗೆ ಕಿವಿಯಾನಿಸಿ ಬೆರಳಿನಿಂದ ತಟ್ಟುತ್ತಾನೆ. ಜೇಬಿನಲ್ಲಿ ಸದಾ ಇರುವ ಗೋಲಿಯನ್ನು ನೆಲದ ಮೇಲಿಟ್ಟು, ಅದು ಯಾವ ಕಡೆ ಉರುಳೀತೆಂದು ಮಂಡಿಯೂರಿ ಕಾಯುತ್ತಾನೆ. ಮೇಸ್ತ್ರಿ ಕೊಟ್ಟ ಚಹಾವನ್ನೂ ಮೂಸಿಯೇ ಕುಡಿಯುವುದು. ಇಷ್ಟಾದ ಮೇಲೂ ಕಾಗದದಲ್ಲಿ 'ನೋಡಿದೆ' ಎಂದಷ್ಟೇ ಬರೆಯುತ್ತಾನೆ. "ಪಾಸ್ ಅಂತ ಬರೆದ್ರೆ ನಿನ್ನ ಗಂಟೇನು ಹೋಗುತ್ತೆ ಮಾರಾಯ?" ಎಂದು ಮೇಸ್ತ್ರಿ ಸಗ್ಡನ್ ಪ್ರತಿಸಲ ಗೊಣಗುತ್ತಾನೆ. "ಮನೆ ನಿಂತಿದೆ, ನಾನು ನೋಡಿದೀನಿ. ಅದಕ್ಕಿಂತ ಹೆಚ್ಚು ನನ್ನ ಬಾಯಲ್ಲಿ ಹೇಳಿಸ್ಬೇಡ," ಎನ್ನುತ್ತಾನೆ ವಿಲ್ಫ್. ಇಲ್ಲಿಯವರು ಸತ್ತವರನ್ನು ಸತ್ತರು ಎನ್ನುವುದಿಲ್ಲ, 'ಪಾಸ್ ಆದರು' ಎನ್ನುತ್ತಾರೆ. ಅದು ವಿಲ್ಫ್‌ಗೂ ಗೊತ್ತಿದ್ದದ್ದೇ. ಆದರೆ ಒಂಬತ್ತು ವರ್ಷದ ಹಿಂದೆ, ಹೆಂಡತಿ ಮ್ಯೂರಿಯಲ್ ಹೃದಯದ ಪರೀಕ್ಷೆಗೆಂದು ಆಸ್ಪತ್ರೆ ಸೇರಿದ ಮಾರನೆಯ ಬೆಳಿಗ್ಗೆ, ನರ್ಸ್ ಫೋನಿನಲ್ಲಿ ಮೆತ್ತಗೆ "ಮ್ಯೂರಿಯಲ್ ಪಾಸ್ ಆದ್ರು" ಎಂದಾಗ, ಯಾರದೋ ಮನೆಯ ನಕ್ಷೆ ಹಿಡಿದು ನಿಂತಿದ್ದ ವಿಲ್ಫ್ ಹೇಳಿದ್ದ: "ನಂಗೊತ್ತಿತ್ತಮ್ಮ, ಅವಳು ಗಟ್ಟಿ ಜೀವ. ಕರ್ಕೊಂಡ್ಹೋಗೋಕೆ ಎಷ್ಟೊತ್ತಿಗೆ ಬರ್ಲಿ?"