ಟ್ರ್ಯಾಕ್ಟರಿಗೆ ಕಟ್ಟಿದ ಫೆರೈಟ್ ಉಂಗುರ

ಅಂಗಳದ ಕಸ ಹೊಡೆಯುವುದು. ಎಮ್ಮೆಯ ಸೆಗಣಿ ಬಳಿದು ತಿಪ್ಪೆಗೆ ಹಾಕುವುದು. ಹಂಡೆಗೆ ಉರಿ ಹಚ್ಚುವುದು. ನಳ ಬಂದರೆ ಕೊಡ ತುಂಬುವುದು, ಬಾರದಿದ್ದರೆ ಬೋರಿಗೆ ಹೋಗುವುದು. ರೊಟ್ಟಿ ಬಡಿಯುವುದು, ಮಾವನಿಗೆ ಮೆತ್ತಗಿನದು, ಗಂಡನಿಗೆ ಖಡಕ್ಕಾದದ್ದು. ಅತ್ತೆಗೆ ಸಕ್ಕರೆ ಹಾಕದ ಚಹಾ. ಮಗಳು ವರ್ಷಾಳ ಡಬ್ಬಿ. ಗಂಡ ರಾತ್ರಿ ಕಳಚಿ ಬಿಸಾಡಿದ ಅಂಗಿಯನ್ನು ಒಂದು ಮೂಲೆಯಿಂದ, ಪ್ಯಾಂಟನ್ನು ಇನ್ನೊಂದು ಮೂಲೆಯಿಂದ ಆರಿಸುವುದು. ಇಷ್ಟಾಗುವ ಹೊತ್ತಿಗೆ ಹಳ್ಳಿಖೇಡದಲ್ಲಿ ಬೆಳಕು ಹರಿಯುತ್ತಿತ್ತು, ಸಂಜುಕುಮಾರ ಮೈಮುರಿದು ಏಳುತ್ತಿದ್ದ.

"ಚಹಾ ಆಗಿಲ್ಲೇನ ಇನ್ನಾ?"

ಆಮೇಲೆ ಪೂನಂ ಹುಮನಾಬಾದಿಗೆ ಒಂದು ಬಸ್ಸು, ಅಲ್ಲಿಂದ ಬಸವಕಲ್ಯಾಣಕ್ಕೆ ಇನ್ನೊಂದು ಬಸ್ಸು ಹಿಡಿದು ಕಾಲೇಜಿನ ಪ್ರಯೋಗಾಲಯ ಸೇರುತ್ತಿದ್ದಳು. ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ ಎಂದು ಸಂಜುಕುಮಾರ ಯಾರಿಗೂ ಹೇಳುತ್ತಿರಲಿಲ್ಲ. ಕೇಳಿದವರಿಗೆ, "ಬಸ್ ಫ್ರೀ ಆಗೇದಲ್ಲ, ತಿರುಗಾಕತ್ಯಾಳ" ಎನ್ನುತ್ತಿದ್ದ. ಹಾಗೆಂದು ತಾನೇ ನಗುತ್ತಿದ್ದ, ಬೇರೆ ಯಾರೂ ನಗದಿದ್ದರೂ.

ಅವಳ ಕೆಲಸ ಫೆರೈಟಿನದು. ಕಬ್ಬಿಣ, ನಿಕ್ಕಲ್, ಸತುವಿನ ಆಕ್ಸೈಡುಗಳನ್ನು ಅರೆದು, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸುಟ್ಟರೆ ಕಪ್ಪನೆಯ ಪುಟ್ಟ ಉಂಗುರ ಬರುತ್ತದೆ. ಮಡಕೆಯಂತೆ ಸುಟ್ಟದ್ದು, ಆದರೆ ಆಯಸ್ಕಾಂತದ ಗುಣ ಉಳ್ಳದ್ದು. ರೇಡಿಯೋ ಉಪಕರಣಗಳ ಒಳಗೆ ಇಂಥ ಉಂಗುರಕ್ಕೆ ತಂತಿ ಸುತ್ತಿರುತ್ತಾರೆ. ಸೆಕೆಂಡಿಗೆ ಕೋಟಿಗಟ್ಟಲೆ ಸಲ ತಿರುಗುಮುರುಗಾಗುವ ಸಂಕೇತ ಅದರಲ್ಲಿ ಹಾಯುವಾಗ ಕೆಟ್ಟ ಉಂಗುರ ಒಂದು ಪಾಲನ್ನು ನುಂಗಿ ಬಿಸಿಯಾಗುತ್ತದೆ. ಒಳ್ಳೆಯದು ನುಂಗದೆ ದಾಟಿಸುತ್ತದೆ. ಅಂಥ ಒಳ್ಳೆಯ ಉಂಗುರಕ್ಕಾಗಿ ಅವಳು ಮೂರು ವರ್ಷದಿಂದ ಅರೆಯುತ್ತಿದ್ದಳು.

ಅರೆಯುವವಳು ಅವಳೇ. ಮೂಸೆ ತೊಳೆಯುವವಳೂ ಅವಳೇ. ಬಸವರಾಜ ಸರ್ ಅವಳ ಮಾರ್ಗದರ್ಶಕರು. ಅವರ ಕೈಕೆಳಗೆ ಅಂಬರೀಷ ಎಂಬ ಹುಡುಗನೂ ಸಂಶೋಧನೆಗೆ ಸೇರಿದ್ದ.

"ಅರೆಯೋದು, ಸುಡೋದು ಹೆಣ್ಮಕ್ಕಳ ಕೈಗೇ ಚಂದ ನೋಡವಾ" ಎನ್ನುತ್ತಿದ್ದರು ಸರ್, ಇದೇನೋ ದೊಡ್ಡ ಬಿರುದು ಎಂಬಂತೆ. "ಮಷೀನಿನ ಕೆಲಸ ಅಂಬರೀಷ ನೋಡ್ಕೊಂತಾನ."

ಮಷೀನಿನ ಕೆಲಸವೆಂದರೆ ಅವಳು ಮಾಡಿದ ಉಂಗುರವನ್ನು ಇಟ್ಟು ಗುಂಡಿ ಒತ್ತುವುದು. ಹೋದ ವರ್ಷ ಹೊರಬಂದ ಲೇಖನದಲ್ಲಿ ಮೊದಲ ಹೆಸರು ಗುಂಡಿ ಒತ್ತಿದವನದು, ಎರಡನೆಯದು ಸರ್ ಅವರದು. ಪೂನಂ ಕೊನೆಯ ಸಾಲಿನಲ್ಲಿದ್ದಳು: ಮಾದರಿಗಳ ತಯಾರಿಗೆ ನೆರವಾದುದಕ್ಕೆ ವಂದನೆಗಳು. ಮದುವೆ ಊಟ ಮುಗಿದ ಮೇಲೆ ಅಡಿಗೆಯವರಿಗೂ ಹೀಗೇ ಯಾರೋ ಒಬ್ಬರು ಕೈ ಮುಗಿಯುತ್ತಾರೆ.

ಈ ಸಲ ಅವಳು ಬಿಡಲು ತಯಾರಿರಲಿಲ್ಲ. ಹೊಸ ಪುಡಿಯ ಉಂಗುರಗಳನ್ನು ಕುಲುಮೆಯಲ್ಲಿಟ್ಟು ನಿಧಾನ, ಅತಿ ನಿಧಾನ ಆರಿಸಿದ್ದಳು. ಅವಸರ ಮಾಡಿದರೆ ಒಳಗಿನ ಕಬ್ಬಿಣ ಕೆಡುತ್ತದೆ, ವಿದ್ಯುತ್ತು ಸೋರುತ್ತದೆ, ಸಂಕೇತ ಸುಟ್ಟುಹೋಗುತ್ತದೆ. ಆ ಸುಡುವಿಕೆಯಲ್ಲಿ ಬಿರುಕಿಲ್ಲದೆ ಹೊರಬಂದದ್ದು ಒಂದೇ ಉಂಗುರ. ಅದನ್ನು ಅಳೆಯಲು ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ತಾನೇ ಪತ್ರ ಬರೆದು, ತನ್ನ ಹೆಸರಿನಲ್ಲಿ ದಿನ ಗೊತ್ತು ಮಾಡಿಸಿದಳು. ಅವರು ಕೊಟ್ಟ ದಿನ ಎಳ್ಳ ಅಮಾವಾಸ್ಯೆ, ಮನೆಮಂದಿಯೆಲ್ಲ ಅಡಿಗೆ ಹೊತ್ತು ಹೊಲಕ್ಕೆ ಹೋಗುವ ಹಬ್ಬ.

ಅಮಾವಾಸ್ಯೆಗೆ ಎರಡು ದಿನ ಮುಂಚೆ ಉಂಗುರವನ್ನು ಮನೆಗೆ ತಂದಳು. ಅದರ ಎರಡೂ ಮುಖಗಳನ್ನು ನಯವಾದ ಮರಳು ಕಾಗದದ ಮೇಲೆ ಉಜ್ಜಿ ಸಪಾಟು ಮಾಡಬೇಕಿತ್ತು. "ಮನ್ಯಾಗ ಕುಂತು ಉಜ್ಜು, ಭಾಂಡೆ ತಿಕ್ಕಿದಂಗ" ಎಂದಿದ್ದರು ಸರ್. ಉಜ್ಜಿ, ತೊಳೆದು, ಕಿಟಕಿಯಲ್ಲಿ ಬಿಳಿ ಬಟ್ಟೆಯ ಮೇಲೆ ಒಣಗಲು ಇಟ್ಟು ಎಮ್ಮೆ ಹಿಂಡಲು ಹೋದಳು. ಬಂದು ನೋಡಿದರೆ ಬಟ್ಟೆ ಇತ್ತು, ಉಂಗುರ ಇರಲಿಲ್ಲ.

ಅದು ಟ್ರ್ಯಾಕ್ಟರಿನ ಮೂತಿಗೆ ತೂಗುತ್ತಿತ್ತು. ಕರಿ ದಾರದಲ್ಲಿ ಮೆಣಸಿನಕಾಯಿ, ಅದರ ಕೆಳಗೆ ನಿಂಬೆಹಣ್ಣು, ನಿಂಬೆಯ ಕೆಳಗೆ ಅವಳ ಮೂರು ವರ್ಷ.

"ಅತ್ತಿ, ಇದನ್ನ್ಯಾಕ ಕಟ್ಟೀರಿ?"

ಸುಂದರಬಾಯಿ ಹೆಮ್ಮೆಯಿಂದಲೇ ಹೇಳಿದಳು: "ಕರ್ರಗ ಅದ, ಬೆಂಕ್ಯಾಗ ಸುಟ್ಟದ್ದದ, ನಡುವ ತೂತೂ ಅದ. ಬಾಜಾರದಾಗ ಇಂಥಾದ್ದು ಸಿಗಲ್ಲ. ಹೊಸ ಟ್ರ್ಯಾಕ್ಟರಿಗಿ ಮಂದಿ ಕಣ್ಣು ಭಾಳ ಬಿದ್ದದವಾ."

"ಬಿಚ್ಚಿ ಕೊಡ್ರಿ. ಅದು ನನ್ನ ಕೆಲಸದ್ದು."

"ಕಟ್ಟಿದ ದೃಷ್ಟಿ ಅಮಾಸಿ ಮುಂದ ಬಿಚ್ತಾರೇನ? ಸೊಸಿಯಾದಾಕಿ ಆಡೋ ಮಾತೇನ ಇದು?"

ಸಂಜುಕುಮಾರ ಕಬ್ಬು ಇಳಿಸಿ ಬಂದವನು ತಾಯಿಯ ಕಡೆಗೇ ನಿಂತ. "ಮಣ್ಣಿನ ಉಂಗುರಲ್ಲ? ಇನ್ನೊಂದು ಮಾಡ್ಕೋ."

"ನೀವು ಕಬ್ಬ ಬೆಳೆಯೋದೂ ಮಣ್ಣಾಗೇ ಅಲ್ರಿ? ಸುಟ್ಟು ಹೋದ್ರ ನಾಳಿಗೇ ಇನ್ನೊಂದು ಬೆಳೀತೀರೇನ್ರಿ?"

"ಓದಿದ ಬಾಯಿ" ಎಂದು ಅವನು ಕೈ ತೊಳೆಯದೆ ಊಟಕ್ಕೆ ಕೂತ. ತಾಟು ತಾನಾಗಿಯೇ ಅವನ ಮುಂದೆ ಬಂದು ಕೂರುತ್ತದೆ ಎಂಬ ನಂಬಿಕೆ ಅವನದು. ದೇವರ ಮೇಲೂ ಅಷ್ಟು ನಂಬಿಕೆ ಇರಲಿಲ್ಲ.

ಮರುದಿನ ಸರ್ ಫೋನ್ ಮಾಡಿದರು. "ಅಮಾಸಿ ದಿನ ನೀ ಮನಿ ಬಿಟ್ಟು ಹ್ಯಾಂಗ ಬರ್ತಿ? ಮುಂಜಾನಿ ಹುಮನಾಬಾದ್ ಸ್ಟ್ಯಾಂಡಿನ್ಯಾಗ ಅಂಬರೀಷನ ಕೈಯಾಗ ಉಂಗುರ ಕೊಟ್ಟುಬಿಡು. ಅವ ಅಳಕೊಂಡು ಬರ್ತಾನ."

"ದಿನ ನನ್ನ ಹೆಸರಿನ್ಯಾಗ ಅದ್ರಿ ಸರ್."

"ಹೆಸರೇನವಾ, ಒಂದು ಮೇಲ್ ಹಾಕಿ ಬದಲಿ ಮಾಡ್ಸು. ನನಗೊಂದಿಷ್ಟು ಭಜ್ಜಿ ಕಳಸು ಮತ್ತ."

ಅಮಾವಾಸ್ಯೆಯ ಭಜ್ಜಿ ಎಂದರೆ ಸಿಕ್ಕ ಕಾಯಿಪಲ್ಲೆ, ಹಸಿ ಕಾಳುಗಳನ್ನೆಲ್ಲ ಕೂಡಿಸಿ ಬೇಯಿಸುವ ಪಲ್ಲೆ. ಅದರ ಜೊತೆಗೆ ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಅಂಬಲಿ. ಆ ದಿನವಿಡೀ ಪೂನಂ ಸೋಸಿದಳು, ಬಿಡಿಸಿದಳು, ಕುಟ್ಟಿದಳು. ನಾಳೆ ಗಂಡಸರು ಹೊಲದಲ್ಲಿ ಆ ಅಡಿಗೆಯ ಚರಗ ಚೆಲ್ಲುತ್ತ ಸುತ್ತು ಹಾಕುತ್ತಾರೆ, ಭೂಮಿತಾಯಿಗೆ ತಾವೇ ಉಣಿಸಿದೆವೆಂದು ಮೀಸೆ ತಿರುವುತ್ತಾರೆ. ಬೇಯಿಸಿದವಳು ಬುಟ್ಟಿ ಹೊತ್ತು ಹಿಂದೆ ನಡೆಯುತ್ತಾಳೆ.

ಅಮಾವಾಸ್ಯೆಯ ನಸುಕಿನಲ್ಲಿ ಗ್ಯಾಸ್ ಒಲೆಯ ಮೇಲೆ ಭಜ್ಜಿ ಕುದಿಯುತ್ತಿತ್ತು. ಕಡುಬು ಅರ್ಧ ಆಗಿದ್ದವು. ಮನೆಯವರೆಲ್ಲ ಮಲಗಿದ್ದರು, ಏಳಬೇಕಾದವಳು ಎದ್ದಿದ್ದಾಳಲ್ಲ ಎಂಬ ನೆಮ್ಮದಿಯಲ್ಲಿ. ಪೂನಂ ಈಳಿಗೆಯ ಪಕ್ಕದಲ್ಲಿದ್ದ ಚಾಕು ತೆಗೆದುಕೊಂಡು ಅಂಗಳಕ್ಕೆ ಬಂದಳು. ದಾರ ಕೊಯ್ದಳು. ಉಂಗುರವನ್ನು ಸೆರಗಿನಿಂದ ಒರೆಸಿ, ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದಳು. ಬಿರುಕು ಬಿದ್ದಿದ್ದರೆ ಬೊದ್ದು ದನಿ ಬರುತ್ತದೆ. ಸಣ್ಣಗೆ, ಸ್ವಚ್ಛವಾಗಿ ಠಣ್ಣೆಂದಿತು.

ಒಳಗೆ ಹೋಗಿ ಗ್ಯಾಸ್ ಆರಿಸಿದಳು. ಭಜ್ಜಿಗೆ ಉಪ್ಪು ಹಾಕುವುದು ಬಾಕಿ ಇತ್ತು. ಹಾಕಲಿಲ್ಲ.

ಹುಮನಾಬಾದ್ ಸ್ಟ್ಯಾಂಡಿನಲ್ಲಿ ಹೈದರಾಬಾದಿನ ಬಸ್ಸು ಹೊರಡುವುದರಲ್ಲಿತ್ತು. ಅಂಬರೀಷ ಚಹಾದಂಗಡಿಯ ಮುಂದೆ ಫೋನ್ ಕಿವಿಗೆ ಹಿಡಿದು, ಆಚೀಚೆ ನೋಡುತ್ತ ನಿಂತಿದ್ದ. ಅವಳ ಚೀಲದಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ಅವನ ಕೈಗೆ ಉಂಗುರ ಕೊಟ್ಟರೆ ಭಜ್ಜಿ ಆರುವುದರೊಳಗೆ ಮನೆ ಸೇರಬಹುದು. ಹೊಸ ದಾರಕ್ಕೆ ಚೀಲದ ತಳದಲ್ಲಿ ಬಿದ್ದಿರುವ ಒಂದು ಒಡಕು ಉಂಗುರ ಕಟ್ಟಿದರೆ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲರೂ ಸುಖವಾಗಿರುತ್ತಾರೆ. ಅವಳು ಬಸ್ಸಿನ ಆ ಬದಿಯಿಂದ ಸುತ್ತಿ ಹತ್ತಿ, ಕಿಟಕಿಯ ಸೀಟಿನಲ್ಲಿ ಕೂತಳು.

ಕಂಡಕ್ಟರ್ ಬಂದ. "ಆಧಾರ್ ತೋರಿಸ್ರಿ ಅಕ್ಕಾ. ಗಡಿ ತನಕ ಫ್ರೀ ಅದ."

"ಗಡಿ ದಾಟಿ ಹೋಗಬೇಕ್ರಿ" ಎಂದಳು ಪೂನಂ. "ಹೈದರಾಬಾದಿಗೆ ಟಿಕೆಟ್ ಹರೀರಿ."