ಕುಲಕರ್ಣಿ ಕಾಕಾನ ಲಾಸ್ಟ್ ವಾರ್ನಿಂಗ್

ನೋಡ್ರಿ ಗೆಳೆಯಾರ, ಭಾಂಡುಪಿನ ನಮ್ಮ ಬಿಲ್ಡಿಂಗ್‌ನಾಗ ಇವತ್ತ ಮುಂಜಾನೆಯಿಂದ ನೀರಿಲ್ಲ. ಸೊಸೈಟಿ ಸೆಕ್ರೆಟರಿ ಕುಲಕರ್ಣಿ ಕಾಕಾರನ್ನ ಕೇಳಿದ್ರ, "ಟ್ಯಾಂಕ್ ತೊಳಸ್ತೀವಿ ಅಂತ ಎಲ್ಲಾರಿಗೂ ಮೇಲ್ ಹಾಕೀನಲ್ಲ" ಅಂದ್ರು. ಹುಡುಕಿದೆ. ನನ್ನ ಜಂಕ್ ಫೋಲ್ಡರ್‌ನಾಗ, ಲಾಟರಿ ಮೇಲ್‌ಗಳ ನಡುವ ಇತ್ತು. ಮ್ಯಾಲೆ ದೊಡ್ಡ ಅಕ್ಷರದಾಗ, "ಲಾಸ್ಟ್ ವಾರ್ನಿಂಗ್, ಓಪನ್ ಇಮಿಡಿಯೇಟ್ಲಿ."

"ಕಾಕಾ, ಹಿಂಗ ಬರದ್ರ ಮೇಲ್‌ನ ಫಿಲ್ಟರ್ ನಿಮ್ಮನ್ನ ಮೋಸಗಾರ ಅಂತ ತಿಳೀತದ. ಸಮಾಧಾನದಿಂದ ಬರೀರಿ."

"ಸಮಾಧಾನದಿಂದ ಬರದ್ರ ಈ ಬಿಲ್ಡಿಂಗ್‌ನಾಗ ಯಾರು ಓದ್ತಾರೋ?"

ಅವರ ಮೇಲ್ ಜಂಕಿಗೆ ಹೋಗದಂಗ ನಾನೂ ಫಿಲ್ಟರ್ ಸರಿ ಮಾಡಿದೆ. ಸಂಜೀಕ "ಡಿಯರ್ ಮೆಂಬರ್ಸ್, ನಾಳೆ ನೀರಿನ ಟೈಮ್" ಅಂತ ಅವರ ಮೇಲ್ ನೆಟ್ಟಗ ಇನ್‌ಬಾಕ್ಸಿಗೆ ಬಂತು.

ಈಗ ಹೆಂಡತಿ ಕೇಳಿದಳು, "ನಾಳೆ ನೀರು ಎಷ್ಟಕ್ಕ ಬರ್ತದ್ರೀ?"

"ತಡಿ, ಕಾಕಾರನ್ನ ಕೇಳಿ ಬರ್ತೀನಿ" ಅಂತ ಚಪ್ಪಲಿ ಮೆಟ್ಟಿದೆ. ಕಾಕಾರ ಆ ಮೇಲ್ ನಾ ಇನ್ನೂ ತೆರೆದಿಲ್ಲ.