ಕ್ಯಾಸೆಟ್ಟಿನ ಪಾಠ, ಚಿತ್ತಮ್ಮನ ಪ್ರಶ್ನೆ

ಮೊನ್ನೆ ಸಂಜೆ ಮೊಮ್ಮಗಳು ಮೊಬೈಲಿನಲ್ಲಿ ವಿಜ್ಞಾನದ ಪಾಠ ಕೇಳುತ್ತಾ ಕುಳಿತಿದ್ದಳು. ಪಾಠವನ್ನು ಮನೆಯಲ್ಲೇ ಕೇಳಿಕೊಂಡು ಹೋಗಬೇಕಂತೆ, ತರಗತಿಯಲ್ಲಿ ಬರೀ ಪ್ರಶ್ನೆ, ಚರ್ಚೆ. ‘ಹೊಸ ಪದ್ಧತಿ ತಾತ’ ಎಂದಳು. ನನ್ನೊಳಗಿನ ಹಳೇ ಮೇಷ್ಟ್ರು ಸುಮ್ಮನಿರಬೇಕಲ್ಲ! ‘ಇದನ್ನ ನಿಮ್ಮಪ್ಪ ಚಡ್ಡಿ ಹಾಕ್ತಿದ್ದಾಗಲೇ ನಾನು ಮಾಡಿದ್ದೆ’ ಎಂದುಬಿಟ್ಟೆ.

‘ಮತ್ತೆ ಯಾಕೆ ಬಿಟ್ಟೆ?’

‘ಮಕ್ಕಳು ಅದಕ್ಕೆ ತಯಾರಿರಲಿಲ್ಲ ಕಣಮ್ಮ.’

ಸುಳ್ಳು. ನಿಮಗಾದರೂ ನಿಜ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಐಮಂಗಲದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಯಾವುದೋ ತರಬೇತಿ ಮುಗಿಸಿ ಬಂದ ಹುಮ್ಮಸ್ಸಿನಲ್ಲಿ ಪಾಠಗಳನ್ನು ಕ್ಯಾಸೆಟ್ಟಿಗೆ ಓದಿ, ಮಕ್ಕಳ ಕೈಲಿ ಊರೂರಿಗೆ ಕಳಿಸತೊಡಗಿದೆ. ಟೇಪ್ ರೆಕಾರ್ಡರ್ ಇದ್ದವರ ಜಗಲಿಯಲ್ಲಿ ಗುಂಪಾಗಿ ಕುಳಿತು ಕೇಳಿಕೊಳ್ಳಬೇಕು. ಮರುದಿನ ಅವರು ಪ್ರಶ್ನೆ ಕೇಳಬೇಕು, ನಾನು ಉತ್ತರ ಹೇಳಬೇಕು. ನನ್ನ ದನಿ ರೇಡಿಯೋದವರ ಹಾಗಿದೆ ಎಂದು ಹೆಂಡತಿ ಒಮ್ಮೆ ಹೇಳಿದ್ದಳು. ಆ ಪದ್ಧತಿಯ ಮೇಲಿನ ನನ್ನ ಪ್ರೀತಿಯಲ್ಲಿ ಇದರ ಪಾಲೂ ಇತ್ತೆನ್ನಿ.

ಗ್ರಹಣದ ಪಾಠ ಕಳಿಸಿದ ಮರುದಿನ ಎಂಟನೇ ತರಗತಿಯ ಚಿತ್ತಮ್ಮ ಎದ್ದು ನಿಂತಳು. ಕುರಿ ಸಾಕುವ ಮನೆಯ ಹುಡುಗಿ, ಅದುವರೆಗೆ ಬಾಯಿ ಬಿಟ್ಟವಳಲ್ಲ.

‘ಸಾ, ಭೂಮಿ ನೆಳ್ಳು ಚಂದ್ರನ ಮ್ಯಾಲೆ ಬೀಳ್ತೈತೆ ಅಂದ್ರಲ್ಲ, ಮೂರು ಸಲ ಕೇಳಿದೆ, ತಿಳೀತು. ಹಂಗಾದ್ರೆ ಹುಣ್ಣಿಮೆ ಹುಣ್ಣಿಮೆಗೂ ಗ್ರಹಣ ಯಾಕಾಗಲ್ಲ ಸಾ?’

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಅದೇ ಪಾಠ ಮಾಡಿದ್ದೆ, ಒಮ್ಮೆಯೂ ಹೊಳೆದಿರಲಿಲ್ಲ. ಇಡೀ ತರಗತಿ ನನ್ನ ಬಾಯನ್ನೇ ನೋಡುತ್ತಿತ್ತು.

‘ಕುರಿ ಎಣಿಸೋಕೆ ಇಷ್ಟು ಸಾಕು, ಕುಂತ್ಕಳೇ’ ಎಂದೆ.

ಎಲ್ಲರೂ ನಕ್ಕರು. ಅವಳೂ ನಗಲು ನೋಡಿದಳು, ಆಗಲಿಲ್ಲ, ಕುಳಿತಳು.

ಭಾನುವಾರ ಚಿತ್ರದುರ್ಗದ ಗ್ರಂಥಾಲಯಕ್ಕೆ ಹೋಗಿ ಹುಡುಕಿದೆ. ಚಂದ್ರ ಸುತ್ತುವ ದಾರಿ ಕೊಂಚ ಓರೆ. ಹಾಗಾಗಿ ಹೆಚ್ಚಿನ ಹುಣ್ಣಿಮೆಗಳಲ್ಲಿ ಅವನು ಭೂಮಿಯ ನೆರಳಿನ ಮೇಲೋ ಕೆಳಗೋ ಜಾರಿಕೊಂಡು ಹೋಗುತ್ತಾನೆ. ಎರಡೇ ಸಾಲಿನ ಉತ್ತರ. ಸೋಮವಾರ ಚಿತ್ತಮ್ಮ ಎದುರಿಗೇ ಕುಳಿತಿದ್ದಳು. ಹೇಳಲಿಲ್ಲ. ಹೇಳಿದರೆ ಅವತ್ತು ಗೊತ್ತಿರಲಿಲ್ಲವೆಂದು ಒಪ್ಪಿಕೊಂಡಂತಾಗುತ್ತಿತ್ತು. ಆ ವಾರ ಯಾರೂ ಏನೂ ಕೇಳಲಿಲ್ಲ, ಮುಂದಿನ ವಾರವೂ. ‘ನಮ್ಮ ಮಕ್ಕಳಿಗೆ ಈ ಪದ್ಧತಿ ಒಗ್ಗಲ್ಲ ಸಾರ್’ ಎಂದು ಹೆಡ್‌ಮಾಸ್ಟರಿಗೆ ಹೇಳಿ, ಮತ್ತೆ ಸೀಮೆಸುಣ್ಣ ಹಿಡಿದೆ.

ಎಷ್ಟೋ ವರ್ಷದ ಮೇಲೆ ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಅವಳೇ ನನ್ನ ಗುರುತು ಹಿಡಿದಳು. ತಮ್ಮೂರಿನಲ್ಲೇ ಅಂಗನವಾಡಿ ಕೆಲಸ, ಕಂಕುಳಲ್ಲಿ ಮಗು.

‘ಚೆನ್ನಾಗಿದೀರಾ ಸಾ? ನಿಮ್ಮ ಕ್ಯಾಸೆಟ್ಟು ಇನ್ನೂ ನೆನಪೈತೆ. ಎಷ್ಟು ಸಲ ಕೇಳಿದ್ರೂ ಬೈತಿರ್ಲಿಲ್ಲ.’

ಆ ಮಾತಿನಲ್ಲಿ ಅಣಕವಿರಲಿಲ್ಲ. ನಾನು ಬಸ್ಸಿನ ಬೋರ್ಡು ಓದುವವನ ಹಾಗೆ ಕತ್ತು ತಿರುಗಿಸಿದೆ. ಆಗಲೂ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಮೊಮ್ಮಗಳನ್ನು ಕರೆದು, ‘ಮಕ್ಕಳು ತಯಾರಾಗೇ ಇದ್ರು ಕಣಮ್ಮ’ ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದೆ. 

‘ಆ ಚಿತ್ತಮ್ಮ ಅವರ ಊರು ದೂರಾನಾ ತಾತ?’

‘ಇಲ್ಲ. ಬಸ್ಸಲ್ಲಿ ಅರ್ಧ ಗಂಟೆ.’

ಅವಳು ಒಳಗೆ ಹೋಗಿ, ಇಸ್ತ್ರಿ ಮಾಡಿಟ್ಟಿದ್ದ ನನ್ನ ಅಂಗಿಯನ್ನು ತಂದು ಕೈಗಿತ್ತಳು.